ಗೋವಿಂದನಹಳ್ಳಿಯಲ್ಲಿ ಬಿಟ್ಟು ಬಂದ ಒಲೆ

ಗೋವಿಂದನಹಳ್ಳಿಯ ಪಂಚಲಿಂಗೇಶ್ವರನನ್ನು ನಂಬಿದ ಅಕ್ಕತಂಗಿಯರಿಗೂ ಅಣ್ಣತಮ್ಮಂದಿರಿಗೂ ಪಾಲಹಳ್ಳಿಯ ಹೆಣ್ಣುಮಗಳೊಬ್ಬಳ ನಮಸ್ಕಾರ. ನಾಗಮಂಗಲದ ದೇವಸ್ಥಾನದ ಮುಂದೆ ವ್ಯಾನಿನಿಂದ ಇಳಿದು, ಮಕ್ಕಳಿಗೆ ಮುಖ ತೊಳೆಸೋಣವೆಂದು ಕರೆದಾಗ ನನ್ನ ಐದು ವರ್ಷದ ಮಗಳು ಸುಮ ಬರಲಿಲ್ಲ. ಅವಳು ಜೀಪಿನಲ್ಲಿದ್ದಾಳೆಂದು ವ್ಯಾನಿನವರು, ವ್ಯಾನಿನಲ್ಲಿದ್ದಾಳೆಂದು ಜೀಪಿನವರು ಅಂದುಕೊಂಡಿದ್ದೆವು.

ಅದು ತೊಂಬತ್ತೈದರ ದಸರಾ ರಜೆ. ನಮ್ಮ ಯಜಮಾನರು ಆಗ ಡೈರಿಗೆ ಹಾಲು ಸಾಗಿಸುವ ವ್ಯಾನು ಓಡಿಸುತ್ತಿದ್ದರು. ಮೈದುನ ಕುಮಾರನದು ಹಳೇ ಜೀಪು. ಟಾರ್ಪಾಲು, ಪಾತ್ರೆ, ಅಕ್ಕಿ ಬೇಳೆ ಹೇರಿಕೊಂಡು, ಸಿಕ್ಕಲ್ಲಿ ಬೇಯಿಸಿ, ಬಯಲಲ್ಲೇ ಮಲಗಿ, ನಮ್ಮ ಸುತ್ತಲಿನ ದೇವರುಗಳನ್ನು ನೋಡಿ ಬರುವುದೆಂದು ಮನೆಯಲ್ಲಿ ಮಾತಾಯಿತು. ದಾರಿ ಗೊತ್ತುಮಾಡುವುದೇ ಒಂದು ಹಬ್ಬವಾಯಿತು. ಊಟವಾದ ಮೇಲೆ ಯಜಮಾನರು ನಡುಮನೆಯಲ್ಲಿ ನನ್ನ ಪಾತ್ರೆಗಳನ್ನೆಲ್ಲ ಹರಡಿಕೊಂಡು ಕೂರುವರು. ಚೆಂಬು ಶ್ರೀರಂಗಪಟ್ಟಣ, ಊಟದ ತಟ್ಟೆ ತೊಣ್ಣೂರು ಕೆರೆ, ಬೋರಲು ಹಾಕಿದ ಲೋಟ ಮೇಲುಕೋಟೆ ಬೆಟ್ಟ, ಉಪ್ಪಿನ ಭರಣಿ ನಾಗಮಂಗಲ. ನಡುವೆ ರಾಗಿಕಾಳು ಸುರಿದರೆ ಅದೇ ರಸ್ತೆ. ತಿರುವು ಸರಿಯಿಲ್ಲವೆಂದು ಕುಮಾರ ರಾಗಿ ಸರಿಸುವನು, ಇವರು ರೇಗುವರು. ಗುಡಿಸುವವಳು ಮಾತ್ರ ನಾನು.

"ಗೋವಿಂದನಹಳ್ಳಿ ಎಲ್ಲಲಾ?" ಎಂದು ಅತ್ತೆ ಬಗ್ಗಿ ನೋಡಿದರು.

"ಅದು ಸುತ್ತಾಯ್ತದೆ ಕಣವ್ವ. ಕೆ.ಆರ್.ಪೇಟೆಯಿಂದ ನೆಟ್ಟಗೆ ನಾಗಮಂಗಲಕ್ಕೆ ಹೋಗ್ಬುಡಾದು," ಎಂದರು ಯಜಮಾನರು.

"ಸುತ್ತಾದ್ರೆ ಆಗ್ಲಿ ಬುಡು. ನಾನು ಉಟ್ಟಿದ ಸೀಮೆ ಅದು. ಆ ಐದು ಲಿಂಗಕ್ಕೆ ಕೈ ಮುಗೀದೆ ನಾನೆಲ್ಲಿಗೂ ಬರಾಕಿಲ್ಲ."

ಹೀಗೆಂದು ಅತ್ತೆ ಐದು ಹುಣಸೆ ಬೀಜಗಳನ್ನು ಸಾಲಾಗಿ ಜೋಡಿಸಿಯೇಬಿಟ್ಟರು. ಸುಮ ಒಂದೊಂದನ್ನೂ ಮುಟ್ಟಿ ಕಣ್ಣಿಗೊತ್ತಿಕೊಂಡಳು.

ದಾರಿಗೆಂದು ಯಜಮಾನರು ಸೀಮೆಎಣ್ಣೆ ಸ್ಟೌವ್ ತಂದಿದ್ದರು. ಅತ್ತೆ ಅದನ್ನು ಮುಟ್ಟಲಿಲ್ಲ. ನಿಂತ ಕಡೆಯೆಲ್ಲ ಮೂರು ಕಲ್ಲು ಹೂಡಿ ಸೌದೆಯಲ್ಲೇ ಬೇಯಿಸಿದರು. ಹೊರಡುವಾಗ ಒಲೆಗೆ ಅರಿಶಿನ ಕುಂಕುಮ ಇಟ್ಟು, ಉರಿಯುವ ಕೊಳ್ಳಿಗಳನ್ನು ಮಣ್ಣಿಗೆ ತಿಕ್ಕಿ ಆರಿಸುವರು. ಆದರೆ ಒಲೆಯ ಕೆಂಡಕ್ಕೆ ನೀರು ಹಾಕಕೂಡದು, ಕಲ್ಲು ಕದಲಿಸಕೂಡದು.

"ಅನ್ನ ಬೆಂದ ಒಲೆ ಅಂದ್ರೆ ಮನೆ ಕಣ್ಲಾ. ಮನೆ ಕೆಡವ್ಬುಟ್ಟು ಒಂಟೋಯ್ತಾರಾ?"

"ನೋಡ್ಲಾ ಕುಮಾರ, ನಮ್ಮವ್ವ ದಾರಿಯುದ್ದಕ್ಕೂ ಸೈಟು ಮಾಡ್ಕತಾವ್ಳೆ!" ಎಂದು ಇವರು ನಗಿಸುತ್ತಿದ್ದರು. ತೊಣ್ಣೂರು ಕೆರೆಯ ಪಕ್ಕ ಟಾರ್ಪಾಲಿನ ಕೆಳಗೆ ಎಲ್ಲರೂ ಒತ್ತಿಕೊಂಡು ಮಲಗಿದ್ದು, ಗಾಳಿಗೆ ಅದು ಪಟಪಟ ಬಡಿದದ್ದು, ಅತ್ತೆಯ ಹುರುಳಿ ಸಾರಿನ ಹೊಗೆವಾಸನೆ ಎಲ್ಲ ನನಗೆ ನೆನ್ನೆ ಮೊನ್ನೆಯಂತಿದೆ. ಅಷ್ಟು ಸುಖವಾಗಿ ನಾನು ಯಾವ ಮಂಚದ ಮೇಲೂ ಮಲಗಿಲ್ಲ.

ಗೋವಿಂದನಹಳ್ಳಿಯಲ್ಲಿ ದರ್ಶನವಾಗಿ, ಹೊಂಗೆ ಮರದಡಿ ಉಂಡೆವು. ನಾಗಮಂಗಲದಲ್ಲಿ ಗುಡಿ ಬಾಗಿಲು ಹಾಕಿಬಿಡುತ್ತಾರೆಂದು ಅವಸರವೋ ಅವಸರ. ಇವರು ಒಲೆಗೆ ಸುರಿಯಲು ಬಕೆಟ್ಟು ಎತ್ತಿದರು. ಅತ್ತೆ ಅದನ್ನು ಇವರ ಕೈಯಿಂದ ಕಿತ್ತುಕೊಂಡರು. ಆ ಗಲಾಟೆಯಲ್ಲೇ ಗಾಡಿ ಹತ್ತಿದೆವು.

ಮಗು ಇಲ್ಲವೆಂದು ತಿಳಿದ ಕೂಡಲೇ ಉಳಿದ ಮಕ್ಕಳನ್ನು ಕುಮಾರನ ಹತ್ತಿರ ಬಿಟ್ಟು ಇವರು, ಅತ್ತೆ, ನಾನು ವ್ಯಾನು ತಿರುಗಿಸಿಕೊಂಡು ಬಂದೆವು. ಫೋನು ಮಾಡಿ ಕೇಳೋಣವೆಂದರೆ ಆ ಊರಲ್ಲಿ ಫೋನಿರುವ ಗುರುತಿನವರು ನಮಗಿರಲಿಲ್ಲ. ದಾರಿಯಲ್ಲಿ ಕಂಡ ಒಂದೊಂದು ಕೆರೆ, ಬಾವಿ, ಕಬ್ಬಿನ ಲಾರಿಯ ಹತ್ತಿರವೂ ಕಿಟಕಿಯಿಂದ ಬಗ್ಗಿ ಹುಡುಕಿದೆ. ಕೆ.ಆರ್.ಪೇಟೆ ಬಸ್ ಸ್ಟ್ಯಾಂಡಿನಲ್ಲಿ ವಿಚಾರಿಸಿದರೆ ಕಡಲೆಕಾಯಿ ಮಾರುವವನೊಬ್ಬ, "ಹಸಿರು ಲಂಗದ ಮಗೀನ? ಅಳ್ತಿತ್ತು. ಯಾರೋ ಎಂಗಸು ಮೈಸೂರು ಬಸ್ಸು ಅತ್ತಿಸ್ಕಂಡು ಹೋದ್ಲು," ಎಂದ. ಸುಮ ತೊಟ್ಟಿದ್ದೂ ಹಸಿರು ಲಂಗವೇ.

"ಬಸ್ಸು ಇನ್ನೂ ದೂರ ಹೋಗಿರಾಕಿಲ್ಲ, ಅಡ್ಡ ಹಾಕ್ತೀನಿ," ಎಂದು ಇವರು ವ್ಯಾನನ್ನು ಮೈಸೂರು ರಸ್ತೆಗೆ ತಿರುಗಿಸಿದರು.

"ಬ್ಯಾಡ ಕಣ್ಲಾ! ನಮ್ಮ ಕೂಸು ಒಲೆ ಬುಟ್ಟು ಕದಲಾಕಿಲ್ಲ. ನಡಿ ಗೋವಿಂದನಹಳ್ಳಿಗೆ," ಎಂದರು ಅತ್ತೆ.

ಇಬ್ಬರೂ ನನ್ನ ಮುಖ ನೋಡಿದರು. ತಪ್ಪು ದಾರಿ ಹಿಡಿದರೆ ಮಗಳು ಜನ್ಮದಲ್ಲಿ ಸಿಗುವುದಿಲ್ಲ. ನಾನು ಕಣ್ಣು ಮುಚ್ಚಿದೆ. "ಸ್ವಾಮಿ, ನಿನ್ನ ಐದು ಬಾಗಿಲಲ್ಲಿ ಒಂದಾದರೂ ನನ್ನ ಮಗಳಿಗೆ ತೆರೆದಿರಲಿ. ನನಗೆ ತಿಳಿಯುತ್ತಿಲ್ಲ, ನೀನೇ ಹೇಳಿಸು," ಎಂದು ಬೇಡಿದೆ. ಹೆತ್ತ ಕರುಳು ಬಸ್ಸಿನ ಹಿಂದೆ ಓಡುತ್ತಿತ್ತು. ಆದರೆ ಬಾಯಲ್ಲಿ ಬಂದದ್ದು, "ಗೋವಿಂದನಹಳ್ಳಿಗೆ ನಡೀರಿ" ಎಂಬ ಮಾತು. ಅದು ನನ್ನ ಮಾತಲ್ಲ ಎಂದು ಇಂದಿಗೂ ನಂಬಿದ್ದೇನೆ.

ಹೊತ್ತು ಇಳಿಯುತ್ತಿತ್ತು. ಹೊಂಗೆ ಮರದ ಕೆಳಗೆ ಸಣ್ಣಗೆ ಹೊಗೆ ಏಳುತ್ತಿತ್ತು. ಮೂರು ಕಲ್ಲುಗಳ ಪಕ್ಕದಲ್ಲಿ ನನ್ನ ಸುಮ ಕೂತಿದ್ದಳು. ಹಣೆಯ ತುಂಬ ಬೂದಿ. ಜೊತೆಗೆ ಆ ಊರಿನ ಹೆಂಗಸೊಬ್ಬರು.

"ಎಷ್ಟ್ ಕರುದ್ರೂ ಬರ್ನಿಲ್ಲ ಕಣ್ರವ್ವ. ಇದೇ ನಮ್ಮನೆ, ನಮ್ಮಜ್ಜಿ ಬತ್ತದೆ ಅಂತ ಕುಂತವ್ಳೆ. ಒಂಟಿ ಮಗೀನ ಬುಟ್ಟೋಗಕ್ಕೆ ಮನಸ್ಸಾಗ್ನಿಲ್ಲ," ಎಂದರು ಆಕೆ.

ಐದೂ ಲಿಂಗಕ್ಕೆ ಒಂದೊಂದು ಹೂವಿಡಲು ಸುಮ ಮತ್ತೆ ಒಳಗೆ ಹೋಗಿದ್ದಳಂತೆ. ಹೊರಗೆ ಬಂದರೆ ನಾವಿಲ್ಲ. ಬಾಚಿ ತಬ್ಬಿಕೊಂಡಾಗ ಅವಳ ಮುಷ್ಟಿಯ ತುಂಬ ತರಗೆಲೆ. "ಒಲೆ ಆರೋದ್ರೆ ನಿಮ್ಗೆ ಮನೆ ಗೊತ್ತಾಗಲ್ಲ ಅಂತ ಎಲೆ ಹಾಕ್ತಿದ್ದೆ ಕಣಮ್ಮ," ಎಂದಳು. ನಾನು ಊರಿಗೆಲ್ಲ ಕೇಳುವಂತೆ ಅತ್ತುಬಿಟ್ಟೆ.

ಇವರು ನೆಲದ ಮೇಲೇ ಕುಸಿದು ಕೂತು, ಆ ಬಿಸಿ ಬೂದಿಯನ್ನು ಹಣೆಗೆ ಹಚ್ಚಿಕೊಂಡರು. ಅತ್ತೆ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಕೇಳಿದರು: "ಈಗ ಹೇಳ್ಲಾ, ಸೈಟು ಬೇಕಾ ಬ್ಯಾಡ್ವಾ?"

ಅತ್ತೆ ಈಗಿಲ್ಲ. ವ್ಯಾನು ಹೋಗಿ ಕಾರು ಬಂದಿದೆ. ಸುಮಳೇ ಓಡಿಸುತ್ತಾಳೆ. ಅವಳ ಮಕ್ಕಳನ್ನೂ ಕರೆದುಕೊಂಡು ಪ್ರತಿ ದಸರೆಗೂ ಆ ಹೊಂಗೆ ಮರದಡಿ ಉಂಡು ಬರುತ್ತೇವೆ. ಕಲ್ಲು ಹೂಡುವವರು ಯಜಮಾನರೇ, ಬೇರೆ ಯಾರೂ ಮುಟ್ಟುವ ಹಾಗಿಲ್ಲ. ಹೊರಡುವಾಗ ಗಾಡಿಯಲ್ಲಿ ಮಕ್ಕಳ ತಲೆ ಎಣಿಸಿ, ಮತ್ತೆ ಇಳಿದು ಹೋಗಿ, ಒಲೆಗೆ ಕುಂಕುಮವಿಟ್ಟು ಕೈ ಮುಗಿಯುತ್ತಾರೆ. ಪಂಚಲಿಂಗೇಶ್ವರ, ನಾವು ಮರೆತು ಬಂದ ಮಗುವನ್ನು ನೀನು ಮರೆಯಲಿಲ್ಲ. ಆ ಸಂಜೆ ನೀನು ಕಾದುಕೊಟ್ಟ ಮನೆ ಇವತ್ತಿಗೂ ತುಂಬಿದೆ, ತಂದೆ.