ತಂಬೂರಿ ಒರೆಸಿದ ಭಾನುವಾರ

ಹಾಡು ಕೇಳುತ್ತಾ ಕಣ್ಣು ಮುಚ್ಚಿ ‘ಆಹಾ, ನಾದದ ಆತ್ಮ’ ಎನ್ನುವವರನ್ನು ಕಂಡರೆ ನನಗಾಗದು. ಪುಣೆಗೆ ಬಂದ ಮೇಲೆ ಇಂಥವರನ್ನು ಡೈರಿಯಲ್ಲಿ ಗೆರೆ ಎಳೆದು ಎಣಿಸುತ್ತಿದ್ದೇನೆ, ಜನವರಿಯಿಂದ ನಲವತ್ತೇಳು. ಒಂದೇ ಸ್ವರವನ್ನು ಕೊಳಲೂ ನುಡಿಯುತ್ತದೆ, ಲಾರಿಯ ಹಾರ್ನೂ ಕೂಗುತ್ತದೆ. ಮೂಲ ಕಂಪನ ಒಂದೇ. ಅದರ ಮೇಲೆ ಎರಡು ಪಟ್ಟು, ಮೂರು ಪಟ್ಟು ವೇಗದ ಕಂಪನಗಳು ಯಾವ ಪ್ರಮಾಣದಲ್ಲಿ ಕೂತಿವೆ ಎಂಬುದರಲ್ಲೇ ವ್ಯತ್ಯಾಸ. ಚಾಕಣದ ಕಾರು ಕಾರ್ಖಾನೆಯ ನಮ್ಮ ಲ್ಯಾಬಿನಲ್ಲಿ ಕಾರಿನ ಬಾಗಿಲಿನ ‘ಧಪ್’ ಗಂಭೀರವಾಗಿ ಕೇಳಿಸಲೆಂದು ಆರು ಜನ ಹನ್ನೊಂದು ವಾರ ಹೆಣಗಿದೆವು. ಬಾಗಿಲಿನ ಆತ್ಮ ನೆನೆದು ಯಾರೂ ಕಣ್ಣು ಮುಚ್ಚಲಿಲ್ಲ.

ಇಷ್ಟೆಲ್ಲ ಬಲ್ಲವಳು ಮಾಡಿದ ಕೆಲಸ ಕೇಳಿ.

ಸದಾಶಿವ ಪೇಠೆಯಲ್ಲಿ ನನಗೆ ಹಾಡು ಕಲಿಸುವವರು ಧಾರವಾಡದ ಸುಮಿತ್ರಾಬಾಯಿ. ಗಂಟಲಿನ ಆಪರೇಶನ್ ಆಗಿ ಹದಿನಾಲ್ಕು ತಿಂಗಳು ಅವರು ಹಾಡಿರಲಿಲ್ಲ. ಪಾಠ ಹಾರ್ಮೋನಿಯಂ ಮೇಲೆ ನಡೆಯುತ್ತಿತ್ತು. ತಂಬೂರಿ ಗವಸಿನೊಳಗೇ ನಿಂತಿತ್ತು. ಆ ಭಾನುವಾರ ಸಂಜೆ ಅವರ ಮನೆಯಲ್ಲೇ ಹಾಡಿನ ಬೈಠಕ್. ದನಿ ಉಳಿದಿದೆಯೋ ಹೋಗಿದೆಯೋ ನೋಡಲು ಬರುವವರೇ ಹೆಚ್ಚು. ತಂಬೂರಿ ಮೀಟುವವಳು ನಾನು. ಶಿಸ್ತಿನವಳಲ್ಲವೇ, ಮಧ್ಯಾಹ್ನವೇ ಹೋಗಿ ಅದನ್ನು ಒರೆಸಿದೆ. ತಂತಿಗಳನ್ನು ಹೊತ್ತ ಕುದುರೆಯ ಮೇಲೆ, ಒಂದೊಂದು ತಂತಿಯ ಕೆಳಗೂ ದಾರದ ತುಂಡು ಸಿಕ್ಕಿಕೊಂಡಿತ್ತು. ಕಿತ್ತು ಬಿಸಾಡಿ ಡೈರಿಯಲ್ಲಿ ‘ಕಸ: ನಾಲ್ಕು’ ಎಂದು ಬರೆದೆ.

ಐದೂವರೆಗೆ ಬಾಯಿ ತಂಬೂರಿ ಮೀಟಿ ನೋಡಿದರು. ಎದ್ದ ಸ್ವರ ಎದ್ದಲ್ಲೇ ಬಿತ್ತು. ನಾನು ಮೊಬೈಲಿನಲ್ಲಿ ಶ್ರುತಿ ಅಳೆಯುವ ಆ್ಯಪ್ ತೋರಿಸಿ, ಶ್ರುತಿ ಸರಿಯಾಗಿಯೇ ಇದೆ ಎಂದು ವಾದಿಸಿದೆ. ಇತ್ತು ಕೂಡ. ಮೇಲಿನ ಕಂಪನಗಳು ಮಾತ್ರ ಮಲಗಿದ್ದವು.

“ದಾರ ಎಲ್ಲಿ ಹೋದ್ವು?”

“ಕಸ ಅಂದ್ಕೊಂಡು ತೆಗೆದೆ, ಬಾಯಿ.”

“ನೀ ಇಂಜಿನಿಯರ್ ಇದ್ದಿ ಅಲ್ಲ?” ಎಂದರು. ಬೈದಿದ್ದರೆ ವಾಸಿಯಿತ್ತು. “ನನ್ನ ದನಿ ಈಗ ಉಳದದ್ದು ಒಂದ ಬೊಗಸಿ. ತಂಬೂರಿ ಹಿಡಕೊಂಡ್ರ ನಿಂದರ್ತದ, ಇಲ್ಲಂದ್ರ ಸೋರಿ ಹೋಗ್ತದ.”

ಸೀರೆಯ ಸೆರಗಿನಿಂದ ಒಂದು ಎಳೆ ಕಿತ್ತು, ನಾಲ್ಕು ತುಂಡು ಮಾಡಿ, ಮೀಟುತ್ತಲೇ ಒಂದೊಂದನ್ನೂ ತಂತಿಯಡಿ ಕೂದಲೆಳೆಯಷ್ಟು ಸರಿಸಿದರು. ದಾರ ಎತ್ತಿದ ತಂತಿ ಕುದುರೆಯ ಬೆನ್ನನ್ನು ಸವರಿಕೊಂಡು ಅದುರುತ್ತದೆ. ಆಗ ಮಲಗಿದ್ದ ಕಂಪನಗಳು ಏಳುತ್ತವೆ. ಅದರ ಸಮೀಕರಣ ನನಗೆ ಬಾಯಿಪಾಠ. ದಾರ ಎಲ್ಲಿ ನಿಲ್ಲಬೇಕೆಂದು ಅದರಲ್ಲಿ ಬರೆದಿಲ್ಲ.

ಬೈಠಕ್‌ನಲ್ಲಿ ಬಾಯಿ ನಲವತ್ತು ನಿಮಿಷ ಹಾಡಿದರು. ದನಿ ಎರಡು ಕಡೆ ಬಿರಿಯಿತು. ಎರಡೂ ಕಡೆ ತಂಬೂರಿ ತುಂಬಿಕೊಟ್ಟಿತು. ಆತ್ಮದವರ ಬಗ್ಗೆ ನನ್ನ ತಾತ್ಸಾರವೇನೂ ಕಡಿಮೆಯಾಗಿಲ್ಲ. ಸಮೀಕರಣದವರಿಗೂ ಈಗ ಅದೇ ಪಂಕ್ತಿಯಲ್ಲಿ ಎಲೆ ಹಾಕಿದ್ದೇನೆ, ಮೊದಲ ಎಲೆ ನನ್ನದು.

ಈಗ ಪಾಠಕ್ಕೆ ಮೊದಲು ದಾರ ಕೂರಿಸುವುದು ನನ್ನ ಪಾಲಿಗೆ ಬಂದಿದೆ. ಅಡುಗೆಮನೆಯಿಂದಲೇ ಬಾಯಿ “ಇನ್ನಷ್ಟು ಸರಸು” ಎನ್ನುತ್ತಾರೆ. ಹತ್ತೊಂಬತ್ತು ದಿನ ಹೀಗೆಯೇ ಆಯಿತು. ನಿನ್ನೆ ಒಳಗಿನಿಂದ ಮಾತೇ ಬರಲಿಲ್ಲ. ಮೀಟುತ್ತಾ ಕಾದೆ. ಸ್ವಲ್ಪ ಹೊತ್ತಿಗೆ ಅಲ್ಲಿಂದ, ಮೆಲ್ಲಗೆ, ಷಡ್ಜ ಬಂತು.