ದೊಡ್ಡಪ್ಪ ತಾಳ ಹಾಕಿದ ಜಾಝ್

ಶನಿವಾರವೋ ಭಾನುವಾರವೋ ಸರಿಯಾಗಿ ನೆನಪಿಲ್ಲ. ವಿಡಿಯೊ ನೋಡಿದ್ದು ನಾಲ್ಕು ಸಲವೋ ಐದು ಸಲವೋ, ಅದೂ ಅನುಮಾನ. ಆದರೆ ಗೋವಿಂದರಾಜನಗರದ ಮನೆಯಲ್ಲಿ ದೊಡ್ಡಪ್ಪ ತೊಡೆ ತಟ್ಟಿ ತಾಳ ಹಾಕತೊಡಗಿದ್ದು ಮಾತ್ರ ನಿಜ. ಯೂಟ್ಯೂಬಿನಲ್ಲಿ ನನಗೆ ಸಿಕ್ಕಿದ್ದ ಕಪ್ಪುಬಿಳುಪು ಕಾಲದ ಜಾಝ್ ಕಛೇರಿಯೊಂದನ್ನು ಅವರಿಗೆ ತೋರಿಸುತ್ತಿದ್ದೆ. ಹಿಂದೆ ಮೃದಂಗ ನುಡಿಸುತ್ತಿದ್ದ ದೊಡ್ಡಪ್ಪ ಅದನ್ನು ಮುಟ್ಟದೆ ಎಷ್ಟೋ ವರ್ಷಗಳಾಗಿದ್ದವು.

ಡ್ರಮ್ ವಾದಕ ತನ್ನ ಸರದಿ ಮುಗಿಸಿದಾಗ ದೊಡ್ಡಪ್ಪ ನಕ್ಕರು. "ನೋಡಿದ್ಯಾ, ತಾಳಕ್ಕೆ ಅರ್ಧ ಅಕ್ಷರ ಮುಂಚೆ ಬಂದ್ಬಿಟ್ಟ! ಇನ್ನೊಂದ್ಸಲ ಹಾಕು." ಮತ್ತೆ ಮತ್ತೆ ಹಾಕಿಸಿ, ಬೆರಳೆಣಿಸಿ, ಕೊನೆಗೆ ಕೂಗಿಯೇಬಿಟ್ಟರು: "ಅಯ್ಯೋ, ತಪ್ಪಿದ್ದು ನಾನು ಕಣೇ! ಅವನು ಸರಿಯಾಗೇ ಬಂದಿದಾನೆ, ಕಳ್ಳ!"

ಆ ಹುರುಪಿನಲ್ಲೇ ಅಟ್ಟದಿಂದ ಮೃದಂಗ ಇಳಿಸಿದರು. ನಾದ ಗಂಭೀರವಾಗಲೆಂದು ಅದರ ಎಡಬದಿಗೆ ಮೆತ್ತಲು ದೊಡ್ಡಮ್ಮನ ಹತ್ತಿರ ಎರಡು ಚಮಚ ರವೆ ಕೇಳಿದರು. "ಡಬ್ಬಿನೇ ತಗೊಳ್ಳಿ. ನಾಳೆ ಉಪ್ಪಿಟ್ಟಿಲ್ಲ ಅಂತ ಗೊಣಗಬೇಡಿ, ಅಷ್ಟೇ," ಎಂದ ದೊಡ್ಡಮ್ಮನ ಮುಖ ಅರಳಿತ್ತು.

ಈಗ ದಿನಾ ಸಂಜೆ ಆ ಮನೆಯಲ್ಲಿ ಮೃದಂಗ ಕೇಳಿಸುತ್ತದೆ. ಅವತ್ತು ದೊಡ್ಡಪ್ಪ ರವೆ ಕಲಸುತ್ತಿದ್ದಾಗ ನಾನು ಕೇಳಿದ್ದೆ: "ಇಷ್ಟು ವರ್ಷ ಯಾಕೆ ಬಿಟ್ಟಿದ್ರಿ, ದೊಡ್ಡಪ್ಪ?" ಅವರು ರವೆ ಮೆತ್ತಿ, ಒಮ್ಮೆ ತಟ್ಟಿ ನೋಡಿ, "ಆ ವಿಡಿಯೊ ಇನ್ನೊಂದ್ಸಲ ಹಾಕು," ಎಂದಿದ್ದರು.