ತಂಗಿ ಮಾತು ನಿಲ್ಲಿಸಿದ ದಿನ

ನಾನಿನ್ನೂ ಚಿಕ್ಕವನಿದ್ದಾಗ ಬೆಟಗೇರಿಯ ನಮ್ಮ ಮನೆಯಲ್ಲಿ ಮಗ್ಗದ ಸದ್ದಿಗಿಂತ ತಂಗಿಯ ಮಾತೇ ಜೋರಾಗಿತ್ತು. ಅವಳಿಗೆ ಆಗ ಮೂರು ವರ್ಷ. ಅಪ್ಪ ಸೀರೆ ನೇಯುತ್ತಿದ್ದ. ಅವ್ವ ಪಕ್ಕದಲ್ಲಿ ಕುಳಿತು ರಾಟೆ ತಿರುಗಿಸಿ ನೂಲು ಸುತ್ತಿಕೊಡುತ್ತಿದ್ದಳು. ರಾಟೆ ನಿಂತರೆ ಮಗ್ಗವೂ ನಿಲ್ಲಬೇಕು. ಅದಕ್ಕೇ ತಂಗಿ ಅತ್ತಾಗಲೆಲ್ಲ ಅವ್ವ ಹಳೇ ಬಟ್ಟೆಯಲ್ಲಿ ಬೆಲ್ಲ ಗಂಟುಕಟ್ಟಿ ಚೀಪಲು ಕೊಡುತ್ತಿದ್ದಳು. ಅದನ್ನು ಕಲಿಸಿದವಳು ಅಪ್ಪನ ಅಕ್ಕ, ಶಿಗ್ಲಿಯ ನಮ್ಮ ಅತ್ತೆ.

ಬೆಲ್ಲ ತಂಗಿಯ ಮುಂದಿನ ಹಲ್ಲುಗಳನ್ನು ತಿಂದುಹಾಕಿತು. ಮೊದಲು ಕಂದಾದವು, ಆಮೇಲೆ ಕರ್ರಗಾದವು, ಕೊನೆಗೆ ಬರೀ ಮೊಂಡು ಉಳಿದವು. ತುಟಿ ಊದಿ ಜ್ವರ ಬಂದಾಗ ಅಪ್ಪ ಅವಳನ್ನು ಟಾಂಗಾದಲ್ಲಿ ಗದಗಿನ ದವಾಖಾನೆಗೆ ಕರೆದೊಯ್ದ. ನಾನೂ ಹೋಗಿದ್ದೆ. ಸ್ಪಿರಿಟ್ ವಾಸನೆಯ ಕೋಣೆಯಲ್ಲಿ ಅಪ್ಪ ಅವಳ ಕೈ ಒತ್ತಿ ಹಿಡಿದ. ಮೇಲಿನ ಹಲ್ಲುಗಳು ಒಂದೊಂದಾಗಿ ತಟ್ಟೆಗೆ ಬಿದ್ದವು.

“ಹೊಸಾವು ಬರಾಕ ಮೂರ್ನಾಕ ವರ್ಷ ಹಿಡೀತಾವ. ಅಲ್ಲಿತನಕ ಮಾತು ತೊದಲತೈತಿ” ಎಂದರು ಡಾಕ್ಟರು.

ಬಾಯಿಯ ಗಾಯ ಮಾಯ್ದ ಮೇಲೆ ಅತ್ತೆ ನೋಡಲು ಬಂದಳು. ತಂಗಿ ಓಡಿಹೋಗಿ ಅವಳ ಕಾಲು ತಬ್ಬಿದಳು.

“ಅತ್ತಿ, ನನಗ ಥಣ್ಣ ಥೀರಿ ತಂದೀಯೇನ?”

‘ಸಣ್ಣ ಸೀರಿ’ ಹಾಗಾದದ್ದು ಕೇಳಿ ಅತ್ತೆ ಬಿದ್ದು ಬಿದ್ದು ನಕ್ಕಳು. ಓಣಿಯ ಹೆಂಗಸರನ್ನು ಹೊಸ್ತಿಲಿಗೆ ಕರೆದಳು. “‘ಸಾಸಿವಿ’ ಅನ್ನು ನೋಡೂಣು. ಈಗ ‘ಸೂಜಿ’ ಅನ್ನು.” ತಂಗಿಗೆ ಮೊದಮೊದಲು ಖುಷಿಯೇ ಆಯಿತು. ಹೇಳಿದಂತೆಲ್ಲ ಅಂದಳು. ಪ್ರತಿ ಸಲವೂ ನಗು ಜೋರಾಗುತ್ತಿತ್ತು. ಮಗ್ಗದ ಮುಂದೆ ಕುಳಿತಿದ್ದ ಅಪ್ಪನೂ ಲಾಳಿ ಬಿಟ್ಟು ನಕ್ಕ. ತಂಗಿ ತಿರುಗಿ ಅವನ ಮುಖ ನೋಡಿದಳು. ಆಮೇಲೆ ಬಾಯಿ ಬಿಡಲಿಲ್ಲ.

“ಹಡದವ್ವ ನೆಟ್ಟಗ ನೋಡಿಕೊಂಡಿದ್ರ ಈ ಕೂಸಿಗೆ ಹಿಂಗ್ಯಾಕ ಆಗತಿತ್ತು?” ಎಂದಳು ಅತ್ತೆ, ಎಲ್ಲರೆದುರು. ಅವ್ವ ತಲೆ ಎತ್ತಲಿಲ್ಲ, ರಾಟೆ ನಿಲ್ಲಿಸಲಿಲ್ಲ. ಅಪ್ಪ ಲಾಳಿ ಎತ್ತಿಕೊಂಡು ಮತ್ತೆ ನೇಯತೊಡಗಿದ.

ಸಂಜೆ ತಂಗಿ ಅವ್ವನ ಸೆರಗು ಜಗ್ಗಿ ನೀರಿನ ಕೊಡದತ್ತ ಬೆರಳು ತೋರಿಸಿದಳು. “ಏನ್ ಬೇಕವಾ, ಬಾಯಿಲೆ ಹೇಳು” ಎಂದು ಅಪ್ಪ ಎಷ್ಟು ರಮಿಸಿದರೂ ಅಂಗೈಯಿಂದ ಬಾಯಿ ಮುಚ್ಚಿಕೊಂಡೇ ನಿಂತಳು.

“ಅಷ್ಟು ಮಂದಿ ನಕ್ಕರಲ್ಲ, ಅದಕ್ಕ ಹೆದರ್‍ಯಾಳ” ಎಂದ ಅಪ್ಪ.

“ಅಕಿ ಮಂದಿ ಮಾರಿ ನೋಡಲಿಲ್ಲ. ನಿಮ್ಮ ಮಾರಿ ನೋಡಿದ್ಲು” ಎಂದಳು ಅವ್ವ.

ಅಪ್ಪ ಆ ಸಂಜೆ ಮತ್ತೆ ಮಗ್ಗಕ್ಕೆ ಕೂರಲಿಲ್ಲ. ಮುಂದೆ ತಂಗಿಗೆ ಹೊಸ ಹಲ್ಲು ಬಂದವು, ಬೆಳ್ಳಗೆ, ಸಾಲಾಗಿ. ‘ಸ’ ಕೂಡ ಸರಿಯಾಯಿತು. ಆದರೆ ಮನೆ ತುಂಬುತ್ತಿದ್ದ ಆ ಮಾತು ಬರಲಿಲ್ಲ. ಅಪ್ಪ ಸಾಯುವವರೆಗೂ ಅವಳು ಅವನಿಗೆ ಕೇಳಿದ್ದಕ್ಕಷ್ಟೇ ಉತ್ತರ ಕೊಟ್ಟಳು.

ಮೊಮ್ಮಕ್ಕಳೇ, ನಿಮ್ಮ ಪುಟ್ಟ ತಮ್ಮನಿಗೂ ಹಲ್ಲು ಹುಳುಕಾಗಿ ಮಾತು ತೊದಲುತ್ತದೆ. ಅವನಿಗೆ ಬಣ್ಣದ ಕುರ್ಚಿಯ ಆಸ್ಪತ್ರೆ ಇದೆ, ನೋವಾಗದ ಇಂಜೆಕ್ಷನ್ ಇದೆ, ಮಾತು ತಿದ್ದುವ ಟೀಚರ್ ಇದ್ದಾರೆ. ನಮಗೆ ಇವು ಯಾವುವೂ ಇರಲಿಲ್ಲ. ಆದರೂ ಮೊನ್ನೆ ನಿಮ್ಮ ಅಪ್ಪ ಅವನ ತೊದಲು ಮಾತನ್ನು ಮೊಬೈಲಿನಲ್ಲಿ ಹಿಡಿದು ನೆಂಟರಿಗೆಲ್ಲ ಕಳಿಸಿದ. ಉತ್ತರವಾಗಿ ನಗುವ ಮುಖದ ಚಿತ್ರಗಳು ಸಾಲುಗಟ್ಟಿ ಬಂದವು. ನಮ್ಮ ಮನೆಗೆ ಬಂದು ನಕ್ಕವರು ಕತ್ತಲಾಗುವ ಮೊದಲು ಎದ್ದು ಹೋಗಿದ್ದರು. ಈ ನಗು ಎಲ್ಲಿಗೂ ಹೋಗುವುದಿಲ್ಲ. ಅವನು ದೊಡ್ಡವನಾದ ಮೇಲೂ ಫೋನಿನಲ್ಲಿ ಇರುತ್ತದೆ, ಅವನೇ ನೋಡುತ್ತಾನೆ.